ಮಡಕೆಯ ಚೀಟಿಯಿಂದ ಸರಕಾರದ ಲಾಟರಿಯವರೆಗೆ

ಗೌರಸಮುದ್ರದ ಮಾರಮ್ಮನ ಜಾತ್ರೆಯನ್ನು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಸದ್ಭಕ್ತರಿಗೆ ನಾವು ಬಣ್ಣಿಸಬೇಕಾದುದಿಲ್ಲ. ಮಳೆಗಾಲದ ಆ ಮಂಗಳವಾರ ತುಮಲಿನ ಬಯಲಿನಲ್ಲಿ ಕರ್ನಾಟಕದವರೂ ಆಂಧ್ರದವರೂ ಕಿಕ್ಕಿರಿದು ನೆರೆಯುತ್ತಾರೆ. ರೈತರು ತಮ್ಮ ಹೊಲದ ಈರುಳ್ಳಿಯನ್ನು ಅಮ್ಮನ ಕಡೆಗೆ ತೂರಿ ಹರಕೆ ಸಲ್ಲಿಸುತ್ತಾರೆ. ಈಚಿನ ಒಂದು ಜಾತ್ರೆಯ ಮರುದಿನ, ಆ ಕಡೆಯ ಹಳ್ಳಿಯೊಂದರ ಯುವಕನೊಬ್ಬನು ಮಠಕ್ಕೆ ಬಂದನು. ನಮ್ಮ ಸೀಮೆಯ ಈರುಳ್ಳಿಯನ್ನು ಲಾರಿಯಲ್ಲಿ ಹೇರಿಕೊಂಡು ಮಂಗಳೂರು, ಕಾಸರಗೋಡುಗಳಿಗೆ ಹೋಗಿಬರುವುದು ಅವನ ಕಾಯಕ. ಪಾದಕ್ಕೆರಗಿ ಎದ್ದವನು ಅಂಗಿಯ ಜೇಬಿನಿಂದ ಬಣ್ಣದ ಚೀಟಿಯೊಂದನ್ನು ತೆಗೆದು ಮುಂದಿಟ್ಟನು. ಅದು ಕೇರಳ ಸರಕಾರದ ಓಣಂ ಬಂಪರ್ ಲಾಟರಿ. ಬೆಲೆ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ.

"ಮಂಜೇಶ್ವರದಾಗೆ ತಗೊಂಡೆ ಬುದ್ಧಿ. ಇದರ ಮ್ಯಾಲೆ ಒಂದಿಷ್ಟು ವಿಭೂತಿ ಹಾಕಿ ಕೊಡ್ರಿ" ಎಂದನು. ನಾವು ಸುಮ್ಮನಿದ್ದುದನ್ನು ಕಂಡು ಮತ್ತೆ ಕೇಳಿದನು: "ಅಲ್ಲಿ ಸರ್ಕಾರದೋರೇ ಮಾರ್ತಾರೆ. ಇಲ್ಲಿ ಮಾರಿದರೆ ಪೊಲೀಸ್ರು ಹಿಡೀತಾರೆ. ಎರಡೂ ಒಂದೇ ದೇಶ ಅಲ್ವ ಬುದ್ಧಿ?"

ವಿಭೂತಿಯ ಮಾತನ್ನು ಆಮೇಲೆ ಹೇಳುತ್ತೇವೆ. ಅವನ ಪ್ರಶ್ನೆ ಮಾತ್ರ ಒಳ್ಳೆಯ ಪ್ರಶ್ನೆ. ಅದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಕೊಡಲಾಗದು. ಒಂದೇ ಚೀಟಿ ಗಡಿಯ ಆ ಬದಿಗೆ ರಾಜ್ಯದ ಆದಾಯವಾಗಿ, ಈ ಬದಿಗೆ ಅಪರಾಧವಾಗಿ ನಿಂತುದು ಹೇಗೆಂಬುದನ್ನು ತಿಳಿಯಲು ಸಾವಿರ ವರ್ಷಗಳಷ್ಟು ಹಿಂದಕ್ಕೂ, ಕಡಲಾಚೆಗೂ ಹೋಗಿಬರಬೇಕಾಗುತ್ತದೆ. ವಾಚಕರು ಸಾವಧಾನದಿಂದ ನಮ್ಮೊಡನೆ ಬರಬೇಕು.

ಮೊದಲಿಗೇ ಒಂದು ಮಾತು. ಚೀಟಿ ಎತ್ತುವುದು ತನ್ನಷ್ಟಕ್ಕೆ ದೋಷವಲ್ಲ. ಕಾಂಚೀಪುರದ ಬಳಿಯ ಉತ್ತರಮೇರೂರಿನಲ್ಲಿ ಚೋಳ ದೊರೆ ಒಂದನೆಯ ಪರಾಂತಕನ ಕಾಲದ ಎರಡು ಶಾಸನಗಳಿವೆ; ಕ್ರಿ. ಶ. 919 ಮತ್ತು 921ರವು. ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಊರಿನ 30 ಕೇರಿಗಳಿಂದ ಅರ್ಹರ ಹೆಸರುಗಳನ್ನು ಓಲೆಯ ಮೇಲೆ ಬರೆದು ಮಡಕೆಯೊಳಗೆ ಹಾಕಬೇಕು. ಒಳಗೇನಿದೆಯೆಂಬುದನ್ನರಿಯದ ಬಾಲಕನೊಬ್ಬನಿಂದ ಓಲೆಯನ್ನು ಎತ್ತಿಸಬೇಕು. ಅರ್ಹತೆಯಾದರೂ ಸುಲಭದ್ದಲ್ಲ: ವಯಸ್ಸು 35ಕ್ಕೆ ಮೇಲೆ, 70ಕ್ಕೆ ಒಳಗೆ, ಕಂದಾಯ ಕಟ್ಟುವ ಸ್ವಂತ ಭೂಮಿ, ಸ್ವಂತ ಮನೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಮಡಕೆಗೆ ಬೀಳುವಂತಿಲ್ಲ. ಅವನ ನಂಟರದೂ ಬೀಳುವಂತಿಲ್ಲ. ಈ ಒಂದು ನಿಯಮ ಇಂದು ಜಾರಿಯಲ್ಲಿದ್ದಿದ್ದರೆ ನಮ್ಮ ಎಷ್ಟು ಸಂಘ ಸಂಸ್ಥೆಗಳ ಮಡಕೆಗಳು ಬರಿದಾಗಿರುತ್ತಿದ್ದವೋ! ಅದಿರಲಿ. ಅಲ್ಲಿ ಚೀಟಿಯ ಉದ್ದೇಶ ಪಕ್ಷಪಾತವನ್ನು ಕಳೆಯುವುದು. ಚೀಟಿಗೆ ಬೆಲೆಯಿರಲಿಲ್ಲ, ಬಂದವನಿಗೆ ದೊರೆಯುತ್ತಿದ್ದುದು ಹಣವಲ್ಲ, ಊರಿನ ಕೆರೆಯನ್ನೂ ತೋಟವನ್ನೂ ನೋಡಿಕೊಳ್ಳುವ ಹೊಣೆ.

ಇಂಥದೇ ಪದ್ಧತಿ ಇಟಲಿಯ ಜಿನೋವಾ ಪಟ್ಟಣದಲ್ಲಿತ್ತು. ಹದಿನಾರನೆಯ ಶತಮಾನದಲ್ಲಿ ಅಲ್ಲಿಯ ಆಡಳಿತ ಮಂಡಲಿಗೆ ಐವರನ್ನು ಪಟ್ಟಣದ ಕುಲೀನರ ಹೆಸರುಗಳ ನಡುವಿನಿಂದ ಚೀಟಿಯೆತ್ತಿ ಆರಿಸುತ್ತಿದ್ದರು. ಮೊದಲು 120 ಹೆಸರುಗಳು, ಅನಂತರ 90. ಯಾರ ಹೆಸರು ಬರುವುದೆಂದು ಪೇಟೆಯ ಜನ ಪಣ ಕಟ್ಟತೊಡಗಿದರು. ಪಣ ಹಿಡಿಯುವ ಸಾಹುಕಾರರು ಹುಟ್ಟಿಕೊಂಡರು. ವರ್ಷಕ್ಕೆ ಎರಡೇ ಸಲ ನಡೆಯುವ ಆಯ್ಕೆ ಅವರ ವ್ಯಾಪಾರಕ್ಕೆ ಸಾಲದಾಯಿತು. ಹೆಸರುಗಳು ಮರೆಯಾಗಿ ಅವುಗಳ ಜಾಗಕ್ಕೆ 1ರಿಂದ 90ರವರೆಗಿನ ಅಂಕಿಗಳು ಬಂದವು. ಇಂದಿಗೂ ಇಟಲಿಯ ಸರಕಾರ ನಡೆಸುವ ಲೊಟ್ಟೊ ಆಟದಲ್ಲಿ 90 ಅಂಕಿಗಳಲ್ಲಿ ಐದನ್ನೇ ಎತ್ತುವರು. ಹೊಣೆಯನ್ನು ಹಂಚುತ್ತಿದ್ದ ಮಡಕೆ ಹಣವನ್ನು ಸೆಳೆಯುವ ಮಡಕೆಯಾದ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇರೊಂದನ್ನು ನಾವು ಕಾಣೆವು.

ಈ ಆಟ ನೇಪಲ್ಸ್ ನಗರಕ್ಕೆ ಹೋದಾಗ ಬಡವರ ಮನೆಯೊಳಕ್ಕೇ ನುಗ್ಗಿತು. ಅಲ್ಲಿ ಕನಸುಗಳನ್ನು ಅಂಕಿಗಳಿಗೆ ಹೊಂದಿಸುವ 'ಸ್ಮೋರ್ಫಿಯಾ' ಎಂಬ ಕೈಪಿಡಿಯೇ ಇದೆ. ಸತ್ತವನು ಕನಸಿನಲ್ಲಿ ಕಂಡರೆ 47; ಸತ್ತವನು ಕನಸಿನಲ್ಲಿ ಬಂದು ಮಾತನಾಡಿದರೆ 48; ಹೆದರಿಕೊಂಡರೆ 90. ನಗಬೇಡಿರಿ ಸದ್ಭಕ್ತರೇ. ರಾತ್ರಿ ಕಂಡ ಹಾವನ್ನೂ ಹೆಣವನ್ನೂ ಬೆಳಿಗ್ಗೆ ಅಂಕಿಯಾಗಿಸಿ ಮಟ್ಕಾ ಚೀಟಿ ಬರೆಸುವವರು ನಮ್ಮ ತಾಲ್ಲೂಕಿನ ಚಹದ ಅಂಗಡಿಗಳ ಮುಂದೆಯೂ ಕುಳಿತಿರುತ್ತಾರೆ. ಅವರು ನೇಪಲ್ಸಿನ ಹೆಸರನ್ನೇ ಕೇಳಿದವರಲ್ಲ. ಮನುಷ್ಯನ ದುರ್ಬಲತೆಗೆ ಗುರುಗಳ ಅವಶ್ಯಕತೆಯಿಲ್ಲ.

ದೊರೆಗಳು ಇದನ್ನು ಬೊಕ್ಕಸದ ಉಪಾಯವಾಗಿ ಹಿಡಿದುದು ಯೂರೋಪಿನಲ್ಲಿ ಹದಿನೈದನೆಯ ಶತಮಾನದಿಂದೀಚೆಗೆ. ಫ್ಲಾಂಡರ್ಸಿನ ಪಟ್ಟಣಗಳು ಕೋಟೆಗೋಡೆಗಾಗಿಯೂ ಬಡವರ ಪೋಷಣೆಗಾಗಿಯೂ ಚೀಟಿ ಮಾರಿದವು. ಫ್ರಾನ್ಸಿನ ಮೊದಲನೆಯ ಫ್ರಾನ್ಸಿಸ್ ದೊರೆ 1539ರಲ್ಲಿ ಅನುಮತಿಯ ಶಾಸನ ಹೊರಡಿಸಿದನು. ಇಂಗ್ಲೆಂಡಿನ ಎಲಿಜಬೆತ್ ರಾಣಿ 1567ರಲ್ಲಿ ಬಂದರುಗಳ ದುರಸ್ತಿಗೆಂದು ತಲಾ ಹತ್ತು ಷಿಲಿಂಗಿನ ನಾಲ್ಕು ಲಕ್ಷ ಚೀಟಿಗಳ ಲಾಟರಿಯನ್ನು ಸಾರಿದಳು. ಕೊಂಡವರನ್ನು ಸಣ್ಣಪುಟ್ಟ ಅಪರಾಧಗಳಿಗಾಗಿ ಕೆಲವು ದಿನ ಸೆರೆಹಿಡಿಯಬಾರದೆಂಬ ಆಮಿಷವನ್ನೂ ಒಡ್ಡಿದಳು. ಆದರೂ ಚೀಟಿಗಳು ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. 1569ರಲ್ಲಿ ಲಂಡನ್ನಿನ ಸಂತ ಪಾಲನ ದೇವಾಲಯದ ಪಡುಬಾಗಿಲಿನಲ್ಲಿ ತಿಂಗಳುಗಟ್ಟಲೆ ಚೀಟಿ ಎತ್ತಲಾಯಿತು. ದೇವಾಲಯದ ಬಾಗಿಲಿನಲ್ಲಿ ಎಂಬುದನ್ನು ಗಮನಿಸಿರಿ! 1753ರಲ್ಲಿ ಬ್ರಿಟಿಷ್ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದಾಗ ಅದಕ್ಕೆ ಹಣ ಕೂಡಿಸಿದುದೂ ಲಾಟರಿಯೇ; ಅದರ ಮೇಲ್ವಿಚಾರಕರಲ್ಲಿ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷರೂ ಇದ್ದರು. ಪೀಠಾಧಿಪತಿಗಳು ಲಾಟರಿಯಿಂದ ದೂರವಿದ್ದರೆಂದು ನಾವು ಹೇಳಿಕೊಳ್ಳುವಂತಿಲ್ಲ. ದಲ್ಲಾಳಿಗಳ ಮೋಸ, ಬಡಕುಟುಂಬಗಳ ಹಾಳು ಇವನ್ನು ಕಂಡ ಮೇಲೆ ಇಂಗ್ಲೆಂಡ್ 1826ರಲ್ಲಿ ಕೊನೆಯ ಚೀಟಿ ಎತ್ತಿ ಬಾಗಿಲು ಮುಚ್ಚಿತು. ಫ್ರಾನ್ಸ್ 1836ರಲ್ಲಿ ಮುಚ್ಚಿತು.

ನಮ್ಮ ದೇಶಕ್ಕೆ ಆಧುನಿಕ ಲಾಟರಿ ಬಂದುದು ಆ ಇಂಗ್ಲಿಷರ ಜೊತೆಯಲ್ಲಿಯೇ. ಜೂಜು ನಮಗೆ ಹೊಸದಲ್ಲ. ಋಗ್ವೇದದ ಜೂಜುಗಾರನ ಪ್ರಲಾಪವನ್ನೂ ಧರ್ಮರಾಯನ ದ್ಯೂತವನ್ನೂ ಎಲ್ಲರೂ ಬಲ್ಲರು. ಕೌಟಿಲ್ಯನು ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನೇ ನೇಮಿಸಿ, ಗೆದ್ದವನಿಂದ ನೂರಕ್ಕೆ ಐದು ಪಾಲನ್ನು ರಾಜನಿಗೆ ಕೊಡಿಸುತ್ತಾನೆ. ಆದರೆ ಕೌಟಿಲ್ಯನ ರಾಜ ಪಗಡೆಯ ಹಾಸಿನ ಪಕ್ಕದಲ್ಲಿ ಕಾವಲು ನಿಂತು ಸುಂಕ ಪಡೆಯುವವನು. ತಾನೇ ಹಾಸು ಹಾಸಿ ಪ್ರಜೆಗಳನ್ನು ಆಟಕ್ಕೆ ಕೂಗಿ ಕರೆಯುವವನಲ್ಲ. ಕೂಗಿ ಕರೆಯುವ ಕೆಲಸ ಕಲ್ಕತ್ತದಲ್ಲಿ ಆರಂಭವಾಯಿತು. 1813ರಲ್ಲಿ ಮುಗಿದ ಅಲ್ಲಿಯ ಟೌನ್‌ಹಾಲ್ ಲಾಟರಿಯ ಹಣದಿಂದ ಎದ್ದ ಕಟ್ಟಡ. 1817ರಲ್ಲಿ 'ಲಾಟರಿ ಕಮಿಟಿ' ಎಂಬ ಹೆಸರಿನ ಸಮಿತಿಯೇ ನೇಮಕವಾಗಿ, ನಗರದ ದೊಡ್ಡ ರಸ್ತೆಗಳನ್ನೂ ಹೊಳೆದಂಡೆಯ ಸ್ಟ್ರಾಂಡ್ ರಸ್ತೆಯನ್ನೂ ಮಾಡಿಸಿತು. ಇಂಗ್ಲೆಂಡಿನಲ್ಲಿ ಲಾಟರಿಯ ಮೇಲೆ ಜನಾಭಿಪ್ರಾಯ ತಿರುಗಿದ ಮೇಲೆ 1836ರಲ್ಲಿ ಇಲ್ಲಿಯೂ ಸಮಿತಿ ಮುಗಿಯಿತು. 1870ರಲ್ಲಿ ಭಾರತೀಯ ದಂಡ ಸಂಹಿತೆಗೆ 294-ಎ ಎಂಬ ಕಲಮು ಸೇರಿತು: ಸರಕಾರದ ಅನುಮತಿಯಿಲ್ಲದೆ ಲಾಟರಿಯ ಕಚೇರಿ ಇಡುವುದು ಅಪರಾಧ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 297ನೆಯ ಕಲಮಾಗಿ ಅದು ಮುಂದುವರಿದಿದೆ. ಖಾಸಗಿಯವರು ಮಾಡಿದರೆ ಪಾಪ, ಸರಕಾರ ಮಾಡಿದರೆ ಪುಣ್ಯ ಎಂಬ ವಿಚಿತ್ರ ನ್ಯಾಯದ ಬೇರು ಈ ಕಲಮಿನಲ್ಲಿದೆ. ಲಾರಿಯ ಯುವಕನ ಪ್ರಶ್ನೆಯ ಅರ್ಧ ಉತ್ತರ ಇಲ್ಲಿಯೇ ದೊರೆಯಿತು.

ಉಳಿದರ್ಧಕ್ಕೆ ಮೊದಲು, ಮುಚ್ಚಿದ ಬಾಗಿಲುಗಳು ಇತರ ದೇಶಗಳಲ್ಲಿ ಮತ್ತೆ ತೆರೆದ ಬಗೆಯನ್ನು ನೋಡಬೇಕು. ಅಮೆರಿಕದಲ್ಲಿ ವಸಾಹತು ಕಾಲದಿಂದ ವಿದ್ಯಾಪೀಠಗಳಿಗೂ ಸೈನ್ಯಕ್ಕೂ ಲಾಟರಿಯ ಹಣ ಹರಿದಿತ್ತು. ಲೂಸಿಯಾನ ಲಾಟರಿಯ ಲಂಚಗುಳಿತನದಿಂದ ಬೇಸತ್ತು 1890ರ ದಶಕದಲ್ಲಿ ಒಕ್ಕೂಟ ಸರಕಾರ ಅದನ್ನು ಅಡಗಿಸಿತು. ಎಪ್ಪತ್ತು ವರ್ಷ ಕಳೆದು 1964ರಲ್ಲಿ ನ್ಯೂ ಹ್ಯಾಂಪ್‌ಷೈರ್ ಎಂಬ ಸಣ್ಣ ರಾಜ್ಯ ಶಾಲೆಗಳ ಖರ್ಚಿಗೆಂದು ಪುನಃ ಆರಂಭಿಸಿತು. ಈಗ 45 ರಾಜ್ಯಗಳು ನಡೆಸುತ್ತಿವೆ. ಅಲ್ಲಿಯ 'ಪವರ್‌ಬಾಲ್' ಎಂಬ ಆಟದಲ್ಲಿ ಮೊದಲ ಬಹುಮಾನ ಬರುವ ಸಂಭವ 29 ಕೋಟಿ 22 ಲಕ್ಷಕ್ಕೆ ಒಂದು. ಐರ್ಲೆಂಡ್ 1930ರಿಂದ 1987ರವರೆಗೆ ಆಸ್ಪತ್ರೆಗಳ ಹೆಸರಿನಲ್ಲಿ ಕುದುರೆ ಜೂಜಿಗೆ ಗಂಟುಹಾಕಿದ ಚೀಟಿಗಳನ್ನು ಪರದೇಶಗಳಿಗೆ ಕದ್ದು ಸಾಗಿಸಿ ಮಾರಿತು. ಸಮಾಜವಾದಿ ಚೀನಾ ಕೂಡ 1987ರಲ್ಲಿ ಜನಕಲ್ಯಾಣದ ಲಾಟರಿ ತೆರೆಯಿತು. ಇಂಗ್ಲೆಂಡ್ 1994ರಲ್ಲಿ ಮರಳಿತು. ಆದರೆ ಅದಕ್ಕೂ ಮುಂಚೆ 1956ರಲ್ಲಿ ಅದು ಮಾಡಿದ ಒಂದು ಏರ್ಪಾಡು ಮೆಚ್ಚತಕ್ಕದ್ದು. 'ಪ್ರೀಮಿಯಂ ಬಾಂಡ್' ಎಂಬ ಆ ಪತ್ರವನ್ನು ಕೊಂಡವನ ಅಸಲು ಎಂದಿಗೂ ಹೋಗುವುದಿಲ್ಲ. ಬೇಕಾದಾಗ ಹಿಂದಕ್ಕೆ ಪಡೆಯಬಹುದು. ಎಲ್ಲರಿಗೂ ಸಲ್ಲಬೇಕಾದ ಬಡ್ಡಿಯನ್ನು ಒಟ್ಟುಗೂಡಿಸಿ ಅದನ್ನಷ್ಟೇ ಬಹುಮಾನವಾಗಿ ಹಂಚುವರು. ಅಲ್ಲಿ ಸೋತವನು ಬಡ್ಡಿ ಸೋತಾನು. ಬಿತ್ತನೆಯ ಕಾಳನ್ನು ಸೋಲನು.

ಆಸ್ಟ್ರೇಲಿಯದ ಸಿಡ್ನಿ ನಗರದ ಒಪೆರಾ ಭವನವನ್ನು ಚಿತ್ರದಲ್ಲಾದರೂ ನೀವು ಕಂಡಿರಬಹುದು. ಕಡಲ ಮೇಲೆ ಹಾಯಿ ಬಿಚ್ಚಿದಂತಿರುವ ಕಟ್ಟಡ. ಅದಕ್ಕೆ ಆದ ಸುಮಾರು 10 ಕೋಟಿ ಡಾಲರಿನ ವೆಚ್ಚದಲ್ಲಿ ಬಹುಪಾಲು ಲಾಟರಿಯಿಂದ ಬಂದುದು. ಆ ಲಾಟರಿಯಲ್ಲಿ 1960ರಲ್ಲಿ ಒಂದು ಲಕ್ಷ ಪೌಂಡ್ ಗೆದ್ದವನ ಹೆಸರನ್ನೂ ವಿಳಾಸವನ್ನೂ ಪತ್ರಿಕೆಗಳು ಪ್ರಕಟಿಸಿದವು. ಕೆಲವು ವಾರಗಳಲ್ಲಿ ಅವನ ಎಂಟು ವರ್ಷದ ಮಗುವನ್ನು ಹಣಕ್ಕಾಗಿ ಅಪಹರಿಸಿದರು. ಮಗು ಹೆಣವಾಗಿ ಸಿಕ್ಕಿತು. ಗೆದ್ದವರ ಹೆಸರನ್ನು ಗುಟ್ಟಾಗಿಡುವ ಅವಕಾಶ ಅಲ್ಲಿಗೆ ಬಂದುದು ಅದಾದ ಮೇಲೆ.

ಇದಕ್ಕೆ ಪ್ರತಿಯಾಗಿ ಸ್ಪೇಯಿನಿನ ಕಥೆಯಿದೆ. ಅದನ್ನು ಹೇಳದಿದ್ದರೆ ನಾವು ಪಕ್ಷಪಾತ ಮಾಡಿದಂತಾಗುತ್ತದೆ. ಅಲ್ಲಿ 1812ರಿಂದ ರಾಷ್ಟ್ರೀಯ ಲಾಟರಿ ನಡೆದು ಬಂದಿದೆ. ಪ್ರತಿವರ್ಷ ಡಿಸೆಂಬರ್ 22ರಂದು ಮ್ಯಾಡ್ರಿಡ್ ನಗರದಲ್ಲಿ, ಹಿಂದೆ ಅನಾಥಾಲಯವಾಗಿದ್ದ ಸಾನ್ ಇಲ್ದೆಫೊನ್ಸೊ ಶಾಲೆಯ ಮಕ್ಕಳು ಗೆದ್ದ ಅಂಕಿಗಳನ್ನು ರಾಗವಾಗಿ ಹಾಡಿ ಸಾರುತ್ತಾರೆ. ಉತ್ತರಮೇರೂರಿನ ಬಾಲಕನು ಇಲ್ಲಿ ಮತ್ತೆ ಕಾಣಿಸಿಕೊಂಡನಲ್ಲವೇ? ಪೂರ್ಣ ಚೀಟಿ ದುಬಾರಿಯಾದುದರಿಂದ ಅದನ್ನು ಹತ್ತು ಪಾಲು ಮಾಡಿ ಪಾಲಿಗೆ 20 ಯೂರೋದಂತೆ ಮಾರುವರು. ಒಂದೇ ಅಂಕಿಯ ಪಾಲುಗಳನ್ನು ಊರಿನ ಸಂಘವೋ ಕಚೇರಿಯೋ ಕೂಡಿ ಕೊಳ್ಳುವುದು ವಾಡಿಕೆ. ಬಂದ ಹಣದಲ್ಲಿ ನೂರಕ್ಕೆ 70 ಬಹುಮಾನವಾಗಿಯೇ ಮರಳುತ್ತದೆ. 2011ರಲ್ಲಿ ಸೊಡೆಟೊ ಎಂಬ ಹಳ್ಳಿಗೆ ಆ ಮಹಾ ಬಹುಮಾನ ಬಂದಿತು. ಸುಮಾರು 70 ಮನೆಗಳ, ಬರದಿಂದ ಬೆಂದ, ಬೇಸಾಯಗಾರರ ಊರು. ನಮ್ಮ ಗೌರಸಮುದ್ರದ ಸುತ್ತಿನ ಹಟ್ಟಿಗಳಂತೆಯೇ. ಊರಿನ ಗೃಹಿಣಿಯರ ಸಂಘದವರು ಮನೆಮನೆಗೂ ಪಾಲು ಮಾರಿದ್ದರು. ಒಬ್ಬನ ಮನೆಯ ಹೊರತು ಊರಿಗೆ ಊರೇ ಗೆದ್ದಿತು. ಸಾಲಗಳು ತೀರಿದವು, ಟ್ರಾಕ್ಟರುಗಳು ಬಂದವು. ಇಂಥ ಒಂದು ಊರಿನ ಸುದ್ದಿ ಹತ್ತು ಸಾವಿರ ಊರುಗಳಲ್ಲಿ ಚೀಟಿ ಮಾರುತ್ತದೆ. ಲಾಟರಿ ನಡೆಸುವವರಿಗೆ ಗೆದ್ದವನು ವೆಚ್ಚವಲ್ಲ, ಜಾಹಿರಾತು.

ಈಗ ಸ್ವತಂತ್ರ ಭಾರತಕ್ಕೆ ಬರೋಣ. ಇಲ್ಲಿ ಮೊದಲನೆಯ ದೊಡ್ಡ ವ್ಯಾಜ್ಯ ನಮ್ಮ ಬೆಂಗಳೂರಿನಿಂದಲೇ ಎದ್ದಿತೆಂಬುದು ಅನೇಕರಿಗೆ ತಿಳಿಯದು. ಬೆಂಗಳೂರಿನಿಂದ ಹೊರಡುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಪದಬಂಧದ ಸ್ಪರ್ಧೆ ನಡೆಸಿ, ಪ್ರವೇಶಶುಲ್ಕ ಪಡೆದು, ಬಹುಮಾನ ಕೊಡುತ್ತಿದ್ದಿತು. ಸರಿಯುತ್ತರವೆಂದರೆ ನಡೆಸುವವರು ಮೊದಲೇ ಮುದ್ರೆಯೊತ್ತಿ ಇಟ್ಟ ಉತ್ತರ. ಪಾಂಡಿತ್ಯಕ್ಕೆ ಅಲ್ಲಿ ಸ್ಥಾನ ಅಷ್ಟಕ್ಕಷ್ಟೆ. ಅದರ ಮೇಲೆ ಮುಂಬಯಿ ರಾಜ್ಯ ತೆರಿಗೆ ಹಾಕಿತು. ಪತ್ರಿಕೆಯವರು ನ್ಯಾಯಾಲಯಕ್ಕೆ ಹೋದರು. 1957ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ಋಗ್ವೇದ, ಮಹಾಭಾರತಗಳ ಉಲ್ಲೇಖದೊಡನೆ ತೀರ್ಪಿತ್ತರು: ಜೂಜು ವ್ಯಾಪಾರವಲ್ಲ, ಸಂವಿಧಾನ ವ್ಯಾಪಾರಕ್ಕೆ ಕೊಟ್ಟ ಸ್ವಾತಂತ್ರ್ಯ ಅದಕ್ಕೆ ಸಲ್ಲದು.

ಹಾಗೆಂದ ಹತ್ತೇ ವರ್ಷಗಳಲ್ಲಿ ಸರಕಾರಗಳೇ ಅಂಗಡಿ ತೆರೆದವು. ಕೇರಳದಲ್ಲಿ ಅರ್ಥಮಂತ್ರಿ ಪಿ. ಕೆ. ಕುಂಞು ಸಾಹೇಬರ ಕಾಲದಲ್ಲಿ 1967ರಲ್ಲಿ ಲಾಟರಿ ಇಲಾಖೆ ಸ್ಥಾಪಿತವಾಯಿತು. ಚೀಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಮೊದಲ ಎತ್ತುವಿಕೆ 1968ರ ಗಣರಾಜ್ಯ ದಿನದಂದು. ಅದೇ ವರ್ಷ ತಮಿಳುನಾಡಿನಲ್ಲಿ ಅಣ್ಣಾದುರೈಯವರ ಸರಕಾರ ಅನುಸರಿಸಿತು. ನಮ್ಮ ಮೈಸೂರು ರಾಜ್ಯವೂ ಹಿಂದೆ ಬೀಳಲಿಲ್ಲ. ಆ ದಶಕ ಮುಗಿಯುವುದರೊಳಗೆ ಇಲ್ಲಿಯೂ ರಾಜ್ಯ ಲಾಟರಿ ಬಂದಿತು. ಎಂಬತ್ತರ, ತೊಂಬತ್ತರ ದಶಕಗಳ ನಮ್ಮ ಬಸ್ ನಿಲ್ದಾಣಗಳನ್ನು ಬಲ್ಲವರಿಗೆ ಸೈಕಲ್ಲಿನ ಹಲಗೆಯ ಮೇಲೆ ಸಾಲಾಗಿ ಸಿಕ್ಕಿಸಿದ ಚೀಟಿಗಳೂ 'ಇಂದೇ ಡ್ರಾ, ಇಂದೇ ಡ್ರಾ' ಎಂಬ ಧ್ವನಿವರ್ಧಕದ ಕೂಗೂ ನೆನಪಿರುತ್ತವೆ. ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನಿಂದ ಬಂದ ಪುಸ್ತಕದ ಹಣದಲ್ಲಿ ಒಂದು ಚೀಟಿ ಕೊಂಡು ಹಾಸಿಗೆಯಡಿ ಬಚ್ಚಿಟ್ಟವರು ಯಾರೆಂದು ನಾವು ಹೆಸರಿಸುವುದಿಲ್ಲ. ಓದುವಾಗ ಅವರಿಗೇ ತಿಳಿಯುತ್ತದೆ.

ಇದರ ಪಕ್ಕದಲ್ಲಿಯೇ ಮತ್ತೊಂದು ಮಡಕೆ ಬೆಳೆಯಿತು. ನ್ಯೂಯಾರ್ಕಿನ ಹತ್ತಿ ಪೇಟೆಯಲ್ಲಿ ಬೆಳಿಗ್ಗೆ ತೆರೆಯುವ ಧಾರಣೆ, ಸಂಜೆ ಮುಚ್ಚುವ ಧಾರಣೆ ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದಾಗ ಅವುಗಳ ಅಂಕಿಗಳ ಮೇಲೆ ಪಣ ಕಟ್ಟುತ್ತಿದ್ದರು. 1961ರ ಸುಮಾರಿಗೆ ಆ ಧಾರಣೆ ಬರುವುದು ನಿಂತಿತು. ಜೂಜು ನಿಲ್ಲಲಿಲ್ಲ, ಅಂಕಿ ಬರೆದ ಚೀಟಿಗಳನ್ನು ಮಣ್ಣಿನ ಮಡಕೆಗೆ ಹಾಕಿ ಎತ್ತತೊಡಗಿದರು. 'ಮಟ್ಕಾ' ಎಂದರೆ ಮಡಕೆಯೇ. ತೆರೆ, ಮುಚ್ಚು ಎಂಬ ಆ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳೇ ನಮ್ಮ ಹಳ್ಳಿಗಳಲ್ಲಿ 'ಓ.ಸಿ.' ಆಗಿ ಉಳಿದಿವೆ. ಶೇಂಗಾ ಬೆಳೆಯುವ ಚಳ್ಳಕೆರೆಯ ರೈತ ಅಮೆರಿಕದ ಹತ್ತಿಯ ನೆರಳಿನ ಮೇಲೆ ಪಣ ಕಟ್ಟುತ್ತಿದ್ದಾನೆಂದರೆ ಆಶ್ಚರ್ಯವಲ್ಲವೇ? ಮಟ್ಕಾದಲ್ಲಿ ಹತ್ತು ಅಂಕಿಗಳಲ್ಲಿ ಒಂದನ್ನು ಹಿಡಿದವನಿಗೆ ಒಂದಕ್ಕೆ ಒಂಬತ್ತು ಕೊಡುವುದು ರೂಢಿ. ಎಂದರೆ ಆಡುವವರೆಲ್ಲರ ಹತ್ತು ರೂಪಾಯಿಯಲ್ಲಿ ಒಂದು ರೂಪಾಯಿ ನಡೆಸುವವನಿಗೆ. ಇಟಲಿಯ ಸರಕಾರಿ ಲೊಟ್ಟೊದಲ್ಲಿ ಒಂದು ಅಂಕಿ ಬರುವ ಸಂಭವ ಹದಿನೆಂಟಕ್ಕೆ ಒಂದು. ಕೊಡುವುದು ಸುಮಾರು ಹನ್ನೊಂದು ಪಟ್ಟು. ಲೆಕ್ಕ ಹಾಕಿದರೆ ಕಾನೂನು ಮೀರಿದ ಮಡಕೆಯೇ ಕಾನೂನಿನ ಮಡಕೆಗಿಂತ ಧಾರಾಳ! ಮಟ್ಕಾವನ್ನು ಹೊಗಳಲು ಇದನ್ನು ಹೇಳಲಿಲ್ಲ. ಸರಕಾರದ ಮುದ್ರೆಯಿದ್ದ ಮಾತ್ರಕ್ಕೆ ಆಟ ನ್ಯಾಯವಾಗುವುದಿಲ್ಲವೆಂದು ತೋರಿಸಲು ಹೇಳಿದೆವು.

ತೊಂಬತ್ತರ ದಶಕದಲ್ಲಿ ಒಂದಂಕಿ ಲಾಟರಿ ಬಂದಾಗ ಸರಕಾರಿ ಚೀಟಿಗೂ ಮಟ್ಕಾಕ್ಕೂ ಇದ್ದ ಅಂತರ ಅಳಿದುಹೋಯಿತು. ಚೀಟಿಯ ಕೊನೆಯ ಅಂಕಿಯೊಂದರ ಮೇಲೆಯೇ ಬಹುಮಾನ. ದಿನಕ್ಕೆ ಹಲವು ಸಲ ಎತ್ತುವಿಕೆ. ಬಹುಪಾಲು ಚೀಟಿಗಳು ದೂರದ ಬೇರೆ ರಾಜ್ಯಗಳ ಹೆಸರಿನವು. ಬೆಳಿಗ್ಗೆ ಕೂಲಿ ಹಣ ಹಿಡಿದವನ ಕೈ ಮಧ್ಯಾಹ್ನಕ್ಕೆ ಬರಿದು.

ಈಗ ವಿಭೂತಿಯ ಮಾತು. ಆ ಕಾಲದಲ್ಲಿ ನಾವಿನ್ನೂ ಮಠದ ಮರಿ. ವಿಶ್ವವಿದ್ಯಾನಿಲಯದ ಓದು ಮುಗಿಸಿ ಆಗಷ್ಟೇ ಬಂದಿದ್ದೆವು. ಹತ್ತಿರದ ಹಳ್ಳಿಯ ರೈತರೊಬ್ಬರು, ನಮಗಿಂತ ಇಮ್ಮಡಿ ವಯಸ್ಸಿನವರು, ಪ್ರತಿ ಸೋಮವಾರ ಗದ್ದುಗೆಯ ದರ್ಶನಕ್ಕೆ ಬಂದು ಒಂದು ಚೀಟಿಯ ಕಟ್ಟನ್ನು ಮುಂದಿಡುವರು. ನಾವು ನಗುತ್ತಲೇ ಅದಕ್ಕೆ ವಿಭೂತಿ ಹಚ್ಚಿ ಕೊಡುತ್ತಿದ್ದೆವು. ಭಕ್ತರ ಸಮಾಧಾನಕ್ಕೆ ಇದರಿಂದೇನು ಕೆಡುಕೆಂಬುದು ಅಂದಿನ ನಮ್ಮ ಪಾಂಡಿತ್ಯ. ಒಂದು ಮುಂಗಾರಿನಲ್ಲಿ ಅವರು ಬರುವುದು ನಿಂತಿತು. ಬಿತ್ತನೆಯ ಕಾಲ ಮೀರುತ್ತಿರುವಾಗ ಅವರ ಮನೆಯಾಕೆ ಮಠಕ್ಕೆ ಬಂದು, ಬಿತ್ತನೆಗೆಂದು ಇಟ್ಟಿದ್ದ ಶೇಂಗಾ ಮೂಟೆಗಳನ್ನು ಗಂಡ ಮಾರಿಕೊಂಡನೆಂದೂ ಹೊಲ ಬೀಳು ಬಿದ್ದಿದೆಯೆಂದೂ ಹೇಳಿ ಬೀಜಕ್ಕೆ ಸಹಾಯ ಬೇಡಿದರು. ನಾವು ಲಾಟರಿಯ ಕೆಡುಕನ್ನು ಕುರಿತು ಉಪದೇಶಕ್ಕೆ ಬಾಯಿ ತೆರೆದೆವು. ಆ ತಾಯಿ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಇಷ್ಟೇ ಅಂದರು: "ಚೀಟಿ ಮ್ಯಾಲೆ ನಿಮ್ಮ ವಿಭೂತಿ ಇತ್ತಲ್ಲ ಬುದ್ಧಿ. ಅದಕ್ಕೇ ನಾನೂ ಬ್ಯಾಡ ಅನ್ನಲಿಲ್ಲ." ಮಠದ ಉಗ್ರಾಣದಿಂದ ಬೀಜ ಕೊಡಿಸಿದೆವು. ಆ ವರ್ಷ ಮಳೆ ಹಿಂದೆಗೆಯಿತು; ಆ ಬೀಜವೂ ಬರಲಿಲ್ಲ. ಆ ಕುಟುಂಬ ಊರು ಬಿಟ್ಟು ಬೆಂಗಳೂರಿನ ಕಡೆಗೆ ಕೂಲಿಗೆ ಹೋಯಿತೆಂದು ಅನಂತರ ತಿಳಿಯಿತು.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ನಾವು ಎಷ್ಟು ಪುರಾಣ ಪ್ರವಚನಗಳಲ್ಲಿ ಹೇಳಿದ್ದೆವು! ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ತಂದರೆ, ಲಕ್ಕಮ್ಮನವರು ಅದನ್ನು ಸುರಿದ ಸ್ಥಳಕ್ಕೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸುತ್ತಾರೆ. ಕಾಯಕಕ್ಕೆ ಮೀರಿದ ಒಂದು ಹಿಡಿ ಅಕ್ಕಿ ಆ ಮನೆಗೆ ಒಲ್ಲದಾಯಿತು. ನಾಯಕನಹಟ್ಟಿಯ ತಿಪ್ಪೇಸ್ವಾಮಿಯವರ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತಂತೂ ನಮ್ಮ ಸೀಮೆಯ ಮಗುವಿಗೂ ಬಾಯಿಪಾಠ. ಇವನ್ನು ವೇದಿಕೆಯ ಮೇಲೆ ಹೇಳುತ್ತ, ಕೆಳಗಿಳಿದು ಚೀಟಿಗೆ ವಿಭೂತಿ ಹಚ್ಚಿದವರು ನಾವು. ಹರಕೆಯೂ ಒಂದು ಬಗೆಯ ಪಣವಲ್ಲವೇ ಎಂದು ಕೇಳುವ ವಿದ್ಯಾವಂತರು ಇದ್ದಾರೆ. ತುಮಲಿನಲ್ಲಿ ಈರುಳ್ಳಿ ತೂರುವ ರೈತ ದುಡಿದು ಬೆಳೆದುದರಲ್ಲಿ ಒಂದು ಪಾಲನ್ನು ಕೊಡುತ್ತಾನೆ. ಬೆಳೆಯುವ ಮೊದಲೇ ಬೀಜವನ್ನು ಕೊಟ್ಟು ಬರುವುದಿಲ್ಲ.

ಕಾನೂನಿನ ಕಥೆಯನ್ನು ಮುಗಿಸಬೇಕು. 1998ರಲ್ಲಿ ಸಂಸತ್ತು ಲಾಟರಿ ನಿಯಂತ್ರಣ ಅಧಿನಿಯಮವನ್ನು ಮಾಡಿ ಒಂದಂಕಿಯ ಬಹುಮಾನವನ್ನು ನಿಷೇಧಿಸಿತು. ಒಂದು ಲಾಟರಿಗೆ ವಾರಕ್ಕೆ ಒಂದೇ ಎತ್ತುವಿಕೆ, ಬಂಪರ್ ವರ್ಷಕ್ಕೆ ಆರೇ ಎಂದು ವಿಧಿಸಿತು. ರಾಜ್ಯಗಳು ವಾರದ ಒಂದೊಂದು ದಿನಕ್ಕೂ ಬೇರೆ ಬೇರೆ ಹೆಸರಿನ ಲಾಟರಿಯನ್ನಿಟ್ಟು ದಿನವೂ ಎತ್ತುವ ದಾರಿಯನ್ನು ಕಂಡುಕೊಂಡವು. ಆ ಅಧಿನಿಯಮದ ಐದನೆಯ ಕಲಮು ಹೊರರಾಜ್ಯದ ಚೀಟಿಯನ್ನು ತಡೆಯುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಆದರೆ 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಷರತ್ತನ್ನು ಸ್ಪಷ್ಟಪಡಿಸಿತು: ತಾನು ಅಂಗಡಿ ನಡೆಸುತ್ತ ನೆರೆಯವನ ಅಂಗಡಿಯನ್ನು ಮುಚ್ಚಿಸುವಂತಿಲ್ಲ; ಮುಚ್ಚುವುದಾದರೆ ತನ್ನದನ್ನೂ ಮುಚ್ಚಬೇಕು. ತಮಿಳುನಾಡು 2003ರಲ್ಲಿ ಹಾಗೆ ಮುಚ್ಚಿತು. ನಮ್ಮ ಸರಕಾರ ಮೊದಲು ತೆರಿಗೆಯ ದಾರಿ ಹಿಡಿದು 2004ರಲ್ಲಿ ಹೊರರಾಜ್ಯಗಳ ಚೀಟಿಗಳ ಮೇಲೆ ತೆರಿಗೆ ಹಾಕಿತು. ಕೊನೆಗೆ 2007ರಲ್ಲಿ ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿದ್ದಾಗ ತನ್ನ ಲಾಟರಿಯನ್ನೂ ಬಿಟ್ಟು ಎಲ್ಲವನ್ನೂ ನಿಲ್ಲಿಸಿತು. ಆ ತೆರಿಗೆಯ ವ್ಯಾಜ್ಯ ಮಾತ್ರ ನಡೆಯುತ್ತಲೇ ಇದ್ದು, 2022ರ ಮಾರ್ಚಿಯಲ್ಲಿ ಕರ್ನಾಟಕದ ಅಧಿಕಾರವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಮುಚ್ಚಿದ ಮೇಲೆ ಎಲ್ಲವೂ ಶುದ್ಧವಾಯಿತೆಂದು ನಾವು ಹೇಳುವುದಿಲ್ಲ. 2015ರಲ್ಲಿ ರಾಜ್ಯದಲ್ಲಿ ಒಂದಂಕಿ ಲಾಟರಿಯ ಕಳ್ಳಜಾಲ ಬಯಲಿಗೆ ಬಂದು ತನಿಖೆ ಸಿ.ಬಿ.ಐ.ಗೆ ಹೋಯಿತು. ಅನಂತರ ಮೊಬೈಲಿನಲ್ಲಿಯೇ ಜೂಜಿನ ಕಟ್ಟೆಗಳು ತೆರೆದವು. 2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೇರಳದ ಪಕ್ಷವನ್ನೂ ಹೇಳಬೇಕು. ಅಲ್ಲಿ ಚೀಟಿ ಮಾರುವವರಲ್ಲಿ ಅಂಗವಿಕಲರೂ ಮುದುಕರೂ ಬಹಳ. 'ಕಾರುಣ್ಯ' ಎಂಬ ಲಾಟರಿಯ ಆದಾಯ ಬಡರೋಗಿಗಳ ಚಿಕಿತ್ಸೆಗೆ ಸಲ್ಲುವಂತೆ ಮಾಡಿದ್ದರು. ಒಂದು ಹೊತ್ತಿನ ಅನ್ನವನ್ನು ಅದರಿಂದ ಕಂಡವರನ್ನು ನಾವು ಹಳಿಯಲಾರೆವು. ಆದರೆ ರೋಗಿಯ ಔಷಧದ ಹಣ ಸಿರಿವಂತನ ತೆರಿಗೆಯಿಂದ ಬರಬೇಕೇ, ಕೂಲಿಯವನ ಆಸೆಯಿಂದ ಬರಬೇಕೇ ಎಂಬುದನ್ನು ಕೇಳುವವರು ಅಲ್ಲಿಯೂ ಇದ್ದಾರೆ.

ಲಾರಿಯ ಯುವಕನಿಗೆ ಇಷ್ಟನ್ನೂ ಹೇಳಲು ಪುರುಸೊತ್ತಿರಲಿಲ್ಲ. ಗಡಿಯ ಆಚೆ ಅಂಗಡಿಯಿದೆ, ಈಚೆ ಮುಚ್ಚಿದೆ, ಮುಚ್ಚಿದುದು ನಾವೇ ಎಂದು ಚಿಕ್ಕದಾಗಿ ತಿಳಿಸಿದೆವು. 2024ರಲ್ಲಿ ಆ ಬಂಪರಿನ 70 ಲಕ್ಷಕ್ಕೂ ಹೆಚ್ಚು ಚೀಟಿಗಳು ಮಾರಾಟವಾದುವೆಂದು ಲೆಕ್ಕ ಹೇಳಿದಾಗ, "ಆ ಸಲ ಬಂದಿದ್ದು ನಮ್ಮ ಕರ್ನಾಟಕದೋರಿಗೇ ಅಲ್ವ ಬುದ್ಧಿ, ಮಂಡ್ಯ ಕಡೆಯೋರಿಗೆ?" ಎಂದು ಅವನೇ ನಮಗೆ ತಿಳಿಸಿದನು. ಅದು ನಿಜವೇ ಆಗಿದ್ದಿತು. ಅವನ ಹಣೆಗೆ ವಿಭೂತಿ ಇಟ್ಟೆವು, ಚೀಟಿಯನ್ನು ಮುಟ್ಟಲಿಲ್ಲ. ಅವನು ಅದನ್ನು ಎರಡು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, ಪ್ರಸಾದ ಸ್ವೀಕರಿಸಿ, ಹೊರಗೆ ನಿಲ್ಲಿಸಿದ್ದ ಲಾರಿಯಿಂದ ಒಂದು ಚೀಲ ಈರುಳ್ಳಿಯನ್ನು ದಾಸೋಹಕ್ಕೆಂದು ಇಳಿಸಿ ಹೋದನು. ಎರಡು ತಿಂಗಳ ಮೇಲೆ ಮತ್ತೆ ಬಂದಾಗ ನಾವು ಕೇಳಲಿಲ್ಲ. ಅವನಾಗಿಯೇ ಹೇಳಿದನು, ಚಿಕ್ಕ ಬಹುಮಾನವೂ ಬರಲಿಲ್ಲವಂತೆ. ಮುಂದಿನ ಬಂಪರಿನ ಚೀಟಿ ಯಾವಾಗ ಬರುತ್ತದೆಂಬುದು ಅವನಿಗೆ ಗೊತ್ತಿದ್ದಿತು.